ಅರಿವಳಿಕೆ ಕಲಿಯಲು ಹೊರಟ ಅಣ್ಣನ ಮಗನಿಗೆ

ಚಿತ್ರದುರ್ಗ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ದಾವಣಗೆರೆಯಲ್ಲಿ ಅರಿವಳಿಕೆ ವಿಭಾಗಕ್ಕೆ ಪಿಜಿ ಸೇರಿದೆಯೆಂದು ಅಣ್ಣ ಫೋನಿನಲ್ಲಿ ಹೇಳಿದ. ಉಸಿರಾಟಕ್ಕೆ ಟ್ಯೂಬ್ ಹಾಕುವುದು, ಬೆನ್ನಿಗೆ ಇಂಜೆಕ್ಷನ್ ಕೊಡುವುದನ್ನೆಲ್ಲ ನಿನ್ನ ಗುರುಗಳು ಕಲಿಸುತ್ತಾರೆ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಆಪರೇಷನ್ ಥಿಯೇಟರ್ ಸಿಸ್ಟರ್ ಆಗಿ ನಿಮ್ಮ ಕಸುಬಿನವರನ್ನು ಹತ್ತಿರದಿಂದ ನೋಡಿದವಳು ನಾನು. ಕೈಚಳಕಕ್ಕೆ ಹೆಸರಾದ ಕೆಲವರು ಗಾಬರಿಯಾದೊಡನೆ ಕಿವುಡರಾಗುತ್ತಿದ್ದರು. ನೀನು ಹಾಗಾಗಬಾರದೆಂದೇ ಈ ಪತ್ರ.

2005ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರೊಮಿಲಿ ಎಂಬಾಕೆ ಸೈನಸ್ ಆಪರೇಷನ್ನಿಗೆಂದು ದಾಖಲಾದಳು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ವೈದ್ಯರೇ ಸುತ್ತ ನಿಂತು ಮತ್ತೆ ಮತ್ತೆ ಟ್ಯೂಬ್ ಹಾಕಲು ಹೆಣಗಿದರು. ಹೊತ್ತು ಸರಿದದ್ದು ಅವರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಒಬ್ಬ ನರ್ಸ್ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡುವ ಸಾಮಗ್ರಿ ತಂದು ಸಿದ್ಧವಿದೆ ಎಂದಿದ್ದಳು. ಇನ್ನೊಬ್ಬಳು ಐಸಿಯುನಲ್ಲಿ ಹಾಸಿಗೆ ಕೇಳಿದ್ದಳು. ಆ ಮಾತುಗಳು ಯಾರ ತಲೆಗೂ ಹೋಗಲಿಲ್ಲ. ಎಲೇನ್ 13 ದಿನಗಳ ನಂತರ ತೀರಿಕೊಂಡಳು. ಅವಳ ಗಂಡ ಮಾರ್ಟಿನ್ ಪೈಲಟ್. ಇಂತಹ ಗಳಿಗೆಯನ್ನು ಎದುರಿಸಲು ಪೈಲಟ್‌ಗಳಿಗೆ ಕಲಿಸುವುದನ್ನು ವೈದ್ಯರಿಗೂ ಕಲಿಸಿ ಎಂದು ಹಟ ಹಿಡಿದ, ಪುಣ್ಯಾತ್ಮ.

ಆ ನರ್ಸ್ ಜಾಗದಲ್ಲಿ ನಾನಿದ್ದರೆ ಎರಡನೇ ಸಲ ಹೇಳುತ್ತಿದ್ದೆನೇ? ದೊಡ್ಡ ಡಾಕ್ಟರ ಎದುರು ಸಿಸ್ಟರ್ ದನಿ ಎತ್ತುವುದು ನಮ್ಮಲ್ಲಿ ಎಷ್ಟು ಕಷ್ಟವೆಂದು ನಿನಗೇ ಗೊತ್ತು. ಆದ್ದರಿಂದ ಮಾತಿಗೆ ದಾರಿ ಮಾಡಿಕೊಡಬೇಕಾದವನು ನೀನು. ಬೆಳಗ್ಗೆ ಒಳಗೆ ಬಂದೊಡನೆ ಎಲ್ಲರ ಹೆಸರು ಕೇಳಿಕೋ, ಅಟೆಂಡರ್‌ನದೂ ಸೇರಿ. ಔಷಧ ಕೊಡುವ ಮುನ್ನವೇ ಗಟ್ಟಿಯಾಗಿ ಹೇಳು: ಟ್ಯೂಬ್ ಹೋಗದಿದ್ದರೆ ಹೀಗೆ ಮಾಡುತ್ತೇನೆ, ಅದೂ ಆಗದಿದ್ದರೆ ಹೀಗೆ, ರಕ್ತದ ಆಮ್ಲಜನಕ, ಅಂದರೆ ಸ್ಯಾಚುರೇಷನ್, ಶೇಕಡಾ 90ಕ್ಕಿಂತ ಇಳಿದರೆ ನಾನು ಏನೇ ಮಾಡುತ್ತಿರಲಿ, ತಡೆದು ಹೇಳಿ.

ಬಿಪಿ ಏರಿಸುವ ಔಷಧ ಬೇಕಾದಾಗ "ಯಾರಾದರೂ ಎಫಿಡ್ರಿನ್ ಕೊಡಿ" ಎಂದು ಕೂಗಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಹೆಸರು ಹಿಡಿದು, ಪ್ರಮಾಣ ಹೇಳಿ ಕೇಳು. ಅವರು "ಎಫಿಡ್ರಿನ್ 6 ಮಿಲಿಗ್ರಾಂ ಕೊಟ್ಟೆ" ಎನ್ನುವವರೆಗೆ ಕೊಟ್ಟಾಯಿತೆಂದು ತಿಳಿಯಬೇಡ. ಬಿಪಿ ಕುಸಿಯುತ್ತಿದ್ದರೆ ಪರದೆಯ ಆಚೆಗಿರುವ ಸರ್ಜನ್‌ಗೂ ಹೇಳು. ಅವರು ಸಿಡುಕಿದರೆ ಸಿಡುಕಲಿ.

ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾಲಯದವರು ಅರಿವಳಿಕೆ ತಜ್ಞರೊಂದಿಗೆ ಸೇರಿ ಈ ಗುಣಗಳನ್ನು ಕೆಲಸದ ನಿರ್ವಹಣೆ, ತಂಡದಲ್ಲಿ ದುಡಿಯುವುದು, ಸುತ್ತಲಿನ ಅರಿವು, ತೀರ್ಮಾನ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಪರೀಕ್ಷೆಗೆ ಬೇಕಾದರೆ ಬಾಯಿಪಾಠ ಮಾಡು. ನಾನು ಕಂಡದ್ದನ್ನು ಹೇಳುವುದಾದರೆ, ಸ್ಯಾಚುರೇಷನ್ ಇಳಿದಂತೆ ಮಾನಿಟರಿನ ಟುಕ್ ಟುಕ್ ದನಿಯೂ ಇಳಿಯುತ್ತದೆ. ಆ ಸದ್ದನ್ನೇ ತಗ್ಗಿಸಿಟ್ಟು ಮೊಬೈಲ್ ನೋಡುತ್ತಾ ಕೂರುವವರಿದ್ದಾರೆ. ಅವರ ಸಹವಾಸ ನಿನಗೆ ಬೇಡ.

ಪಾಳಿ ಮುಗಿದಾಗ ರೋಗಿಯ ಪಕ್ಕದಲ್ಲೇ ನಿಂತು ಒಪ್ಪಿಸು: ಎಷ್ಟು ರಕ್ತ ಹೋಗಿದೆ, ಕೊನೆಯ ಔಷಧ ಎಷ್ಟು ಹೊತ್ತಿಗೆ ಕೊಟ್ಟದ್ದು, ಯಾವ ಸಿರಿಂಜಿನಲ್ಲಿ ಏನಿದೆ. ಕಾರಿಡಾರಿನಲ್ಲಿ ನಡೆಯುತ್ತಾ "ಎಲ್ಲಾ ಸರಿಯಿದೆ" ಎಂದುಬಿಡಬೇಡ. ರಾತ್ರಿ ಪಾಳಿಗೆ ಹೊಟ್ಟೆ ಹಸಿದುಕೊಂಡು ಹೋಗಬೇಡ. ಹಾಗೆಂದು ನಿಮ್ಮೂರಿನ ಬೆಣ್ಣೆ ದೋಸೆ ಮೂರು ಹೊಡೆದು ತೂಕಡಿಸಲೂ ಬೇಡ.

ದೀಪಾವಳಿಗೆ ದುರ್ಗಕ್ಕೆ ಬರುತ್ತೀಯಲ್ಲ, ನಿಮ್ಮ ಥಿಯೇಟರಿನ ಸಿಸ್ಟರ್‌ಗಳ ಹೆಸರು ಒಂದೊಂದಾಗಿ ಕೇಳುತ್ತೇನೆ.

ನಿನ್ನ ಅತ್ತೆ