ಊರಿನ ಚರಿತ್ರೆ ಫಾರಂ 7ರಲ್ಲೂ ಇದೆ

ಮಾನ್ಯ ಸಂಪಾದಕರೇ,

ನಮ್ಮ ರಾಜ್ಯದ ಸಣ್ಣಪುಟ್ಟ ರೈತಾಪಿ ಊರುಗಳ ಇತಿಹಾಸ ಬರೆಯುವವರು ಈಗ ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಯಾವ ಊರಿನ ಪುಸ್ತಿಕೆ ತೆರೆದರೂ ರಾಜರು, ಪಾಳೇಗಾರರು, ಗುಡಿ, ಕೋಟೆ. ಹೊಲ ಯಾರದಾಗಿತ್ತು, ಉಳುತ್ತಿದ್ದವರು ಯಾರು, ಕೆರೆಯ ತೂಬು ಎತ್ತುತ್ತಿದ್ದ ನೀರಗಂಟಿ ಯಾರು ಎನ್ನುವುದಕ್ಕೆ ಒಂದು ಸಾಲೂ ಇಲ್ಲ.

ದಾಖಲೆ ಇಲ್ಲವೆಂದಲ್ಲ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ಕೆರೆ ಕಟ್ಟಿದವರಿಗೆ, ಏರಿ ನೋಡಿಕೊಂಡವರಿಗೆ ಬಿಟ್ಟ ಗದ್ದೆಗಳ ವಿವರ ಬೇಕಾದಷ್ಟಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಯಾವ ಮಣ್ಣಿಗೆ ಯಾವ ಬೆಳೆ ಎಂದು ಊರೂರಲ್ಲೂ ಕೇಳಿ ಬರೆದುಕೊಂಡ. ಉತ್ತರ ಕರ್ನಾಟಕದಲ್ಲಿ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ) ಹಳೆಯ ಲೆಕ್ಕಪತ್ರಗಳಿವೆ. ಅದನ್ನು ಓದಬಲ್ಲವರೇ ಕಡಿಮೆ, ಅದು ಬೇರೆ ಮಾತು.

ಇವೆಲ್ಲಕ್ಕಿಂತ ಹತ್ತಿರದ್ದು ಇನ್ನೊಂದಿದೆ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಆ ಹೊಲ ತಮ್ಮ ಹೆಸರಿಗಾಗಲು ಭೂ ನ್ಯಾಯಮಂಡಳಿಗೆ ಫಾರಂ 7 ಎಂಬ ಅರ್ಜಿ ಕೊಡಬೇಕಿತ್ತು. ಯಾವ ಸರ್ವೆ ನಂಬರು, ಒಡೆಯ ಯಾರು, ಎಂದಿನಿಂದ ಉಳುಮೆ, ಎಲ್ಲವೂ ಆ ಕಡತಗಳಲ್ಲಿದೆ. ಮಂಡಳಿಯ ಮುಂದೆ ಸಾಕ್ಷಿ ಹೇಳಿದವರ ಮಾತೂ ಇದೆ. ಯಾವ ಶಾಸನದಲ್ಲೂ ಬಾರದ ಹೆಸರುಗಳು ಇವು. ಹೆದರಿ, ಇಲ್ಲವೇ ಒಡೆಯರ ಮುಲಾಜಿಗೆ ಬಿದ್ದು ಅರ್ಜಿಯನ್ನೇ ಹಾಕದವರ ಕಥೆ ಮಾತ್ರ ಕಾಗದದಲ್ಲಿ ಸಿಗುವುದಿಲ್ಲ. ಅದನ್ನು ಹಿರಿಯರ ಹತ್ತಿರ ಕೂತೇ ಕೇಳಬೇಕು. ಆಗ ಇಪ್ಪತ್ತೈದರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ.

ಪುಸ್ತಿಕೆಗಳು ಈ ವಿಷಯ ಮುಟ್ಟದಿರುವುದಕ್ಕೆ ಕಾರಣ ಊಹಿಸಬಹುದು. ಒಡೆಯರ ಮೊಮ್ಮಕ್ಕಳೂ ಗೇಣಿದಾರರ ಮೊಮ್ಮಕ್ಕಳೂ ಒಂದೇ ಊರಲ್ಲಿದ್ದಾರೆ. ಅಚ್ಚಿನ ಖರ್ಚಿಗೆ ಚಂದಾ ಇಬ್ಬರಿಂದಲೂ ಬೇಕು, ಅಲ್ವಾ? ಆದರೂ ಐವತ್ತು ವರ್ಷ ಕಳೆದಿದೆ. ಯಾರನ್ನೂ ಹೀಗಳೆಯದೆ ಬರೆಯಲು ಸಾಧ್ಯವಿದೆ.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಭೂ ಸುರಕ್ಷಾ ಯೋಜನೆಯಡಿ ಶುರುವಾಗಿದೆ. ಒಳ್ಳೆಯದು. ನ್ಯಾಯಮಂಡಳಿಯ ಕಡತಗಳು ಜಮೀನು ವ್ಯಾಜ್ಯ ಇರುವವರಿಗೆ ಮಾತ್ರವಲ್ಲ, ಊರಿನ ಚರಿತ್ರೆ ಬರೆಯುವವರಿಗೂ ಸುಲಭವಾಗಿ ಸಿಗುವಂತೆ ಕಂದಾಯ ಇಲಾಖೆ ಒಂದು ಆದೇಶ ಹೊರಡಿಸಲಿ. ಹತ್ತಿರದ ಕಾಲೇಜುಗಳ ಇತಿಹಾಸ ವಿಭಾಗದವರು ಒಂದೊಂದು ಹೋಬಳಿ ಹಂಚಿಕೊಂಡರೂ ಸಾಕು, ಕೆಲಸ ಸಾಗುತ್ತದೆ.

ಇತಿ,
ಒಬ್ಬ ಓದುಗ