ಬಹರೈನಿನ ಎರಡು ಕಡಲು, ಅಜ್ಜನ ಇಜಾರ

ಪ್ರಿಯ ಗೆಳೆಯಾ,

ಬಹರೈನಿನ ರಾಜಧಾನಿ ಮನಾಮಾಕ್ಕೆ ಹೋಗಿ ಮೂರು ವರ್ಷವಾದ ಮೇಲೆ, ಬಹರೈನ್ ಎಂದರೆ ಏನರ್ಥವೆಂದು ಈಗ ನನ್ನನ್ನು ಕೇಳಿದ್ದೀಯ. ಅರಬ್ಬಿಯಲ್ಲಿ ‘ಬಹ್ರ್’ ಎಂದರೆ ಕಡಲು. ಕೊನೆಯ ‘ಐನ್’ ದ್ವಿವಚನದ ಪ್ರತ್ಯಯ. ಹೈಸ್ಕೂಲಿನಲ್ಲಿ ‘ರಾಮಃ ರಾಮೌ ರಾಮಾಃ’ ಎಂದು ಉರು ಹೊಡೆಯುವಾಗ, ಕನ್ನಡಕ್ಕೆ ಬೇಡವಾದ ಈ ದ್ವಿವಚನ ಯಾರಿಗೆ ಬೇಕೆಂದು ಗೊಣಗುತ್ತಿದ್ದವನು ನೀನು. ಈಗ ಅದರೊಳಗೇ ಬಾಡಿಗೆಗಿದ್ದೀಯ. ಆ ಎರಡು ಕಡಲು ಯಾವುವು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸುತ್ತಲಿನ ಉಪ್ಪುನೀರು ಒಂದು, ಕಡಲ ತಳದಿಂದ ಉಕ್ಕುತ್ತಿದ್ದ ಸಿಹಿನೀರು ಇನ್ನೊಂದು ಎಂಬ ವಿವರಣೆ ಜನಪ್ರಿಯವಾಗಿದೆ. ಆದರೆ ಹಿಂದೆ ಈ ಹೆಸರು ಅರೇಬಿಯಾದ ಪೂರ್ವ ಕರಾವಳಿಗೆಲ್ಲ ಸಲ್ಲುತ್ತಿತ್ತು, ನಿನ್ನ ದ್ವೀಪವನ್ನು ‘ಅವಾಲ್’ ಎನ್ನುತ್ತಿದ್ದರು ಎಂಬುದನ್ನು ನೆನೆದರೆ, ನಾನದನ್ನು ಪೂರ್ತಿ ನಂಬಲಾರೆ.

ಊರಿನ ಹೆಸರುಗಳಿಗಿಂತ ಉಡುಪಿನ ಹೆಸರುಗಳ ಮೇಲೆ ನನಗೆ ಮೋಹ ಹೆಚ್ಚು. ನಮ್ಮ ಹಿತ್ತಿಲ ಹಗ್ಗದ ಮೇಲೆ ಲಾಡಿ ಇಳಿಬಿಟ್ಟುಕೊಂಡು ಒಣಗುತ್ತಿದ್ದ ಅಜ್ಜನ ಇಜಾರ ನಿನಗೂ ನೆನಪಿರಬೇಕು. ಹಜ್ ಯಾತ್ರಿಕರು ಸೊಂಟಕ್ಕೆ ಸುತ್ತಿಕೊಳ್ಳುವ, ಒಂದು ಹೊಲಿಗೆಯೂ ಇಲ್ಲದ ಬಿಳಿ ಬಟ್ಟೆಗೆ ಅರಬ್ಬಿಯಲ್ಲಿ ‘ಇಜಾರ್’ ಎನ್ನುತ್ತಾರೆ. ಪಾರಸಿಯನ್ನು ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಎರಡು ಕಾಲು ಮೂಡಿದ್ದವು, ಲಾಡಿಯೂ ಬಂದಿತ್ತು. ಅದರ ಮೇಲೆ ಅಜ್ಜ ತೊಡುತ್ತಿದ್ದ ಜುಬ್ಬಾದ ಕಥೆ ಇನ್ನೂ ವಿಚಿತ್ರವಾದದ್ದು. ಅರಬ್ಬರ ‘ಜುಬ್ಬ’ ಎಂದರೆ ಮೈಮುಚ್ಚುವ ನಿಲುವಂಗಿ. ನಮ್ಮಲ್ಲಿ ಮೊಣಕಾಲಿನ ತನಕ ಬರುವ ಅಂಗಿಯಾಗಿ ನಿಂತ ಆ ಪದ, ಇಟಲಿಯ ದಾರಿಯಲ್ಲಿ ಫ್ರಾನ್ಸಿಗೆ ಹೋಗಿ ‘ಜ್ಯೂಪ್’ ಆಯಿತು, ಅಂದರೆ ಹೆಂಗಸರ ಲಂಗ! ಹಾಗೆಂದು ಅರಬ್ಬರು ಬರೀ ಕೊಟ್ಟವರಲ್ಲ, ಪಡೆದವರೂ ಹೌದು: ಖಮೀಸಿನ ಮೂಲವಾದ ‘ಕಮೀಸ್’ ಅವರಿಗೆ ಲ್ಯಾಟಿನ್ನಿನ ‘ಕಮೀಸಿಯಾ’ದಿಂದ ಬಂದದ್ದು.

ಊರೇ ಬಟ್ಟೆಯಾದದ್ದೂ ಉಂಟು. ಮಸ್ಲಿನ್ ಎಂಬ ಹೆಸರು ಇರಾಕಿನ ಮೋಸುಲ್ ನಗರದ್ದು. ಆದರೆ 13ನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಅಲ್ಲಿನ ‘ಮೊಸೊಲಿನ್’ ಎಂದು ಹೇಳಿದ್ದು ತೆಳು ಹತ್ತಿಬಟ್ಟೆಯನ್ನಲ್ಲ, ರೇಷ್ಮೆ ಮತ್ತು ಜರಿಯ ಬಟ್ಟೆಯನ್ನು. ಬಾಗ್ದಾದಿನ ಅತ್ತಾಬಿಯಾ ಎಂಬ ಕೇರಿಯಲ್ಲಿ ನೇಯುತ್ತಿದ್ದ ಪಟ್ಟೆಬಟ್ಟೆಯ ಹೆಸರಂತೂ ಯುರೋಪಿಗೆ ಹೋಗಿ, ಇಂಗ್ಲಿಷಿನಲ್ಲಿ ‘ಟ್ಯಾಬಿ’ಯಾಗಿ, ಕೊನೆಗೆ ಮೈಮೇಲೆ ಪಟ್ಟೆಯಿರುವ ಬೆಕ್ಕಿಗೆ ಅಂಟಿಕೊಂಡಿತು.

ನನ್ನದೊಂದು ಕೆಲಸ ಮಾಡು. ಬಟ್ಟೆ ಅಂಗಡಿಗೆ ಹೋದಾಗ ಇಜಾರ್ ಕೇಳಿ, ಅವರು ಏನನ್ನು ತೆಗೆದು ತೋರಿಸುತ್ತಾರೆಂದು ಬರೆ. ಅಂಗಡಿಯವನು ನಮ್ಮ ಕಡೆಯವನಾದರೆ ಆ ಉತ್ತರ ಲೆಕ್ಕಕ್ಕಿಲ್ಲ. ಅರಬ್ಬಿ ಮನೆಮಾತಿನವರನ್ನೇ ಕೇಳಬೇಕು.

ಇಂತಿ,
ನಿನ್ನ ಗೆಳೆಯ