ನೋಡಿ ಮತ ಹಾಕಿ

ಮಾನ್ಯ ಸಂಪಾದಕರೇ,

ಒಂದು ವಿಭಾಗದಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿದ ಸದಸ್ಯರು ಮಾತ್ರ ಇನ್ನು ಮುಂದೆ ಆ ವಿಭಾಗದ ಅಂತಿಮ ಮತ ಹಾಕಬಹುದು ಎಂದು ಆಸ್ಕರ್ ಅಕಾಡೆಮಿ ನಿಯಮ ಮಾಡಿರುವ ಸುದ್ದಿ ಓದಿದೆ. 1929ರಿಂದ ಪ್ರಶಸ್ತಿ ಹಂಚುತ್ತಿರುವವರಿಗೆ ಇದು ಹೊಳೆದದ್ದು 2025ರಲ್ಲಿ! ನಾನು 28 ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ಎಂಥೆಂಥ ಚಿತ್ರಗಳನ್ನು ದಿನಕ್ಕೆ ನಾಲ್ಕು ಬಾರಿ ಕೊನೆಯ ರೀಲಿನವರೆಗೆ ನೋಡಿದ್ದೇನೆ ಎಂದರೆ, ನನಗೊಂದು ಮತ ಕೊಡಬೇಕಿತ್ತು.

ಕೊಡದಿದ್ದರೇನು, 2025ರ ಮಾರ್ಚ್‌ನಲ್ಲಿ ನಡೆದ 97ನೇ ಪ್ರಶಸ್ತಿಗೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನೇ ಮತ ಹಾಕಿದ್ದೆ. ಅತ್ಯುತ್ತಮ ಚಿತ್ರದ ಸಾಲು ಮಾತ್ರ ಖಾಲಿ. ಹತ್ತರಲ್ಲಿ ಒಂಬತ್ತು ನೋಡಿದ್ದೆ, ‘ನಿಕಲ್ ಬಾಯ್ಸ್’ ಸಿಕ್ಕಿರಲಿಲ್ಲ. ಹಾಗಾಗಿ ‘ಅನೋರಾ’ ಗೆದ್ದದ್ದು ಸರಿಯೇ ತಪ್ಪೇ ಎಂದು ನಾನು ಬಾಯಿ ಬಿಡುವುದಿಲ್ಲ.

ಛಾಯಾಗ್ರಹಣಕ್ಕೆ ನನ್ನ ಮತ ‘ದಿ ಬ್ರೂಟಲಿಸ್ಟ್’ಗೆ. ಗೆದ್ದದ್ದೂ ಅದೇ. ವಿಸ್ಟಾವಿಷನ್ ಎಂಬ 1954ರ ಚಿತ್ರೀಕರಣ ಪದ್ಧತಿಯನ್ನು ಧೂಳು ಕೊಡವಿ ಎತ್ತಿಕೊಂಡಿದ್ದಾರೆ. ಅದರಲ್ಲಿ 35 ಮಿ.ಮೀ. ಫಿಲಂ ಕ್ಯಾಮೆರಾದೊಳಗೆ ಮೇಲಿನಿಂದ ಕೆಳಕ್ಕಲ್ಲ, ಅಡ್ಡಡ್ಡ ಓಡುತ್ತದೆ. ಒಂದು ಫ್ರೇಮಿಗೆ ಫಿಲಂ ಅಂಚಿನ ನಾಲ್ಕು ತೂತುಗಳ ಬದಲು ಎಂಟು ತೂತುಗಳ ಜಾಗ. ಚಿತ್ರದ ನಡುವೆ ನಿರ್ದೇಶಕರೇ 15 ನಿಮಿಷದ ಇಂಟರ್‌ವಲ್ ಇಟ್ಟಿದ್ದಾರೆ, ಒಂದು ಮದುವೆಯ ಫೋಟೊ ಪರದೆಯ ಮೇಲೆ ನಿಂತಿರುತ್ತದೆ. ಇಂಟರ್‌ವಲ್ಲೇ ಇಲ್ಲದ ಇಂಗ್ಲಿಷ್ ಚಿತ್ರಗಳನ್ನು ನಾವು ಮನಸ್ಸಿಗೆ ಬಂದಲ್ಲಿ ನಿಲ್ಲಿಸಿದ ಪಾಪ ಆಗ ನೆನಪಾಯಿತು.

ಅತ್ಯುತ್ತಮ ನಟ ಅದೇ ಚಿತ್ರದ ಏಡ್ರಿಯನ್ ಬ್ರೋಡಿ. 2003ರಲ್ಲೇ ಒಮ್ಮೆ ಗೆದ್ದವರು, ಈ ಬಾರಿ ವೇದಿಕೆಯಲ್ಲಿ ಐದೂವರೆ ನಿಮಿಷ ಮಾತನಾಡಿದರು. ನಾನು ಬರೆದಿದ್ದ ಹೆಸರು ‘ಕಾನ್‌ಕ್ಲೇವ್’ನ ರೇಫ್ ಫೈನ್ಸ್. 1994, 1997, 2025ರಲ್ಲಿ ನಾಮನಿರ್ದೇಶನ, ಮೂರು ಸಲವೂ ಬರಿಗೈ. ಹೊಸ ಪೋಪ್ ಆಯ್ಕೆಯ ಹೊಣೆ ಹೊತ್ತ ಕಾರ್ಡಿನಲ್, ಅಂದರೆ ಹಿರಿಯ ಕ್ಯಾಥೊಲಿಕ್ ಧರ್ಮಗುರು, ಅವರ ಪಾತ್ರ. ಕೊನೆಯ ಹೊತ್ತಿಗೆ ಅಮೃತಶಿಲೆಯ ನೆಲದ ಮೇಲೆ ದಾರಿತಪ್ಪಿದ ಆಮೆಯೊಂದು ಕಾಣುತ್ತದೆ. ಸತ್ತ ಪೋಪ್ ಸಾಕಿದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಳಕ್ಕೆ ಬಿಟ್ಟು ಬರುತ್ತಾರೆ. ಮಾತಿಲ್ಲ. ಇಡೀ ಚುನಾವಣೆಯ ಆಯಾಸ ಆ ಬೆನ್ನಿನ ಮೇಲಿದೆ.

ನಟಿಯ ವಿಷಯದಲ್ಲಂತೂ ನನಗೆ ಇನ್ನೂ ಸಮಾಧಾನವಾಗಿಲ್ಲ. ‘ಐಯಾಮ್ ಸ್ಟಿಲ್ ಹಿಯರ್’ನ ಫರ್ನಾಂಡಾ ಟೊರೆಸ್ ಗೆಲ್ಲಬೇಕಿತ್ತು. 1971ರಲ್ಲಿ ಬ್ರೆಜಿಲ್‌ನ ಸೇನಾಡಳಿತ ಮನೆಯಿಂದ ಕರೆದೊಯ್ದ ನಾಯಕಿಯ ಗಂಡ ಮರಳಿ ಬರಲೇ ಇಲ್ಲ. ಪತ್ರಿಕೆಯವರು ಫೋಟೊಕ್ಕೆ ಬರುತ್ತಾರೆ, ಸಂಸಾರ ದುಃಖದಲ್ಲಿರುವಂತೆ ಕಾಣಬೇಕು ಎನ್ನುತ್ತಾರೆ. ಆಕೆ ಮಕ್ಕಳತ್ತ ತಿರುಗಿ, ನಗಿ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಆ ನಗು ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಟೊರೆಸ್ ಅವರ ತಾಯಿ ಫರ್ನಾಂಡಾ ಮಾಂಟೆನೆಗ್ರೊ ಕೂಡ ಇದೇ ನಿರ್ದೇಶಕರ ಚಿತ್ರಕ್ಕಾಗಿ 1999ರಲ್ಲಿ ಇದೇ ವಿಭಾಗದಲ್ಲಿದ್ದರು, ಅವರಿಗೂ ಬರಲಿಲ್ಲ.

ಇನ್ನು ಆ ನಿಯಮ. ಅಕಾಡೆಮಿಯ ಆನ್‌ಲೈನ್ ತಾಣದಲ್ಲಿ ನೋಡಿದ್ದು ಅಲ್ಲೇ ದಾಖಲಾಗುತ್ತದಂತೆ. ಬೇರೆಡೆ ನೋಡಿದವರು ಎಲ್ಲಿ, ಯಾವಾಗ ನೋಡಿದೆವೆಂದು ಫಾರಂ ತುಂಬಿದರೆ ಸಾಕು. ಆಪರೇಟರ್ ಕೋಣೆಯ ಕಿಂಡಿಯಿಂದ ಕೆಳಗೆ ನೋಡಿ ಅಭ್ಯಾಸವಿರುವವನಿಗೆ ಗೊತ್ತು, ಚಿತ್ರ ಓಡುವುದು ಬೇರೆ, ಜನ ನೋಡುವುದು ಬೇರೆ. ಆ ಫಾರಂನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಲಿ: ಕಾರ್ಡಿನಲ್ ಕೈಯಲ್ಲಿದ್ದದ್ದು ಏನು?

– ನಿವೃತ್ತ ಪ್ರೊಜೆಕ್ಟರ್ ಆಪರೇಟರ್